ಯಾರು ನೀನು ಅಂತ ಕೇಳುವ ಮುಂಚೆ ಒಂದು ಲೋಟ ಮಜ್ಜಿಗೆ

ಇವತ್ತು ವಿಧಾನಸೌಧಕ್ಕೆ ಒಂದು ದಿನ ರಜೆ ಕೊಡೋಣ. ಇವತ್ತು ಓಡುವವರ ಬಗ್ಗೆ ಮಾತಾಡೋಣ.

4,035 ಕಿಲೋಮೀಟರ್. 87 ದಿನ, 2 ಗಂಟೆ, 17 ನಿಮಿಷ. ಇದು ಅಜ್ಮೀರ್ ಮೂಲದ ಸೂಫಿಯಾ ಖಾನ್ ಅನ್ನೋ ಹೆಣ್ಣುಮಗಳು ಕಾಶ್ಮೀರದಿಂದ ಕನ್ಯಾಕುಮಾರಿಗೆ ಓಡಿದ ಲೆಕ್ಕ. ದೆಹಲಿ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡಿಕೊಂಡಿದ್ದವರು. 2019ರ ಏಪ್ರಿಲ್ 25ಕ್ಕೆ ಹೊರಟರು, ಜುಲೈ 21ಕ್ಕೆ ಕನ್ಯಾಕುಮಾರಿ ಮುಟ್ಟಿದರು. ಅಲ್ಲಿಗೂ ಕಾಲು ಸುಮ್ಮನಿರಲಿಲ್ಲ. 2020ರ ಡಿಸೆಂಬರ್ 16ಕ್ಕೆ ಮತ್ತೆ ಶುರು. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಸುತ್ತುವ ಸುವರ್ಣ ಚತುಷ್ಕೋನ ಹೆದ್ದಾರಿಯನ್ನು ಪೂರ್ತಿ ಓಡಿ ಬಂದರು. 6,002 ಕಿಲೋಮೀಟರ್, 110 ದಿನ ದಾಟಿ 23 ಗಂಟೆ 24 ನಿಮಿಷ. ಆ ಹೆದ್ದಾರಿ ನಮ್ಮ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿಕೊಂಡೇ ಬೆಂಗಳೂರಿಗೆ ಬರೋದು. ಅಂದ್ರೆ ನಿಮ್ಮಲ್ಲಿ ಯಾರಾದರೂ ಆ ಚಳಿಗಾಲದಲ್ಲಿ ಬಸ್ಸಿನ ಕಿಟಕಿಯಿಂದ ಅವರನ್ನು ನೋಡಿರಬಹುದು. ಯಾರೋ ಬೆಳಗಿನ ವಾಕಿಂಗ್ ಅಂದುಕೊಂಡಿರುತ್ತೀರಿ ಅಷ್ಟೇ.

ಇಂಥವರ ಸುದ್ದಿ ಬಂದಾಗ ಸುದ್ದಿಮನೆಗಳಲ್ಲಿ ಕೇಳುವ ಪ್ರಶ್ನೆ ಒಂದೇ. ಎಷ್ಟು ದಿನ? ದಾಖಲೆನಾ? ಆಮೇಲೆ ಶೂ ಯಾವ ಕಂಪನಿದು. ಒಬ್ಬರೂ ಕೇಳದ ಪ್ರಶ್ನೆ ಇನ್ನೊಂದಿದೆ. ರಾತ್ರಿ ಎಲ್ಲಿ ಮಲಗಿದ್ದು? ಮಧ್ಯಾಹ್ನ ನೀರು ಯಾರು ಕೊಟ್ಟರು? ಜೊತೆಗೆ ಒಂದು ಪುಟ್ಟ ತಂಡ ಇರುತ್ತೆ, ಒಂದು ಗಾಡಿ ಇರುತ್ತೆ, ಒಪ್ಪಿದೆ. ಆದರೆ ಗಾಡಿಯ ನೀರು ಮೂರು ತಿಂಗಳಿಗೆ ಸಾಲುತ್ತಾ ಸ್ವಾಮಿ? ದೇಶ ಉದ್ದಕ್ಕೂ ಓಡಬೇಕು ಅಂದ್ರೆ ದೇಶದ ಪರಿಚಯ ಇಲ್ಲದ ಜನ ಕೈ ಹಿಡೀಲೇಬೇಕು. ಬೇರೆ ದಾರಿ ಇಲ್ಲ.

ಈ ಲೆಕ್ಕವನ್ನು ನಮಗೆ ಗೊತ್ತಿರುವ ಒಂದು ರಸ್ತೆಗೆ ತಂದು ನೋಡೋಣ. ಅರಸೀಕೆರೆ ರೈಲ್ವೆ ಜಂಕ್ಷನ್ ನಿಮಗೆಲ್ಲ ಗೊತ್ತು. ಅಲ್ಲಿಂದ ಹೊರಟು ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು. ಇದು ರಾಷ್ಟ್ರೀಯ ಹೆದ್ದಾರಿ 73, ತುಮಕೂರಿನಿಂದ ಮಂಗಳೂರಿಗೆ ಹೋಗುವ ರಸ್ತೆ. ಅರಸೀಕೆರೆಯಿಂದ ಹಳೇಬೀಡಿಗೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್ ದೂರ. ಅಲ್ಲಿಂದ ಬೇಲೂರಿಗೆ ಇನ್ನು 16 ಕಿಲೋಮೀಟರ್. ಸೂಫಿಯಾ ಅವರ ಚತುಷ್ಕೋನದ ಓಟವನ್ನು ದಿನಕ್ಕೆ ಭಾಗಿಸಿದರೆ 54 ಕಿಲೋಮೀಟರ್ ಬರುತ್ತೆ. ಅಂದ್ರೆ ಬೆಳಿಗ್ಗೆ ಅರಸೀಕೆರೆಯ ಶಿವಾಲಯಕ್ಕೆ ಕೈ ಮುಗಿದು ಹೊರಟವರು ಸಂಜೆಗೆ ಬೇಲೂರಿನ ಚೆನ್ನಕೇಶವನ ಗೋಪುರ ಕಾಣುವಷ್ಟು ಹತ್ತಿರ ಬಂದಿರಬೇಕು. ಮಾರನೇ ದಿನ ಎದ್ದು ಮತ್ತೆ ಅಷ್ಟೇ. ಅದರ ಮಾರನೇ ದಿನವೂ ಅಷ್ಟೇ. ಹೀಗೆ 111 ದಿನ.

ನಾವು ಕಾರಲ್ಲಿ ಒಂದೂ ಕಾಲು ಗಂಟೆಯಲ್ಲಿ ಮುಗಿಸುವ ಈ ರಸ್ತೆ ಓಡುವವನಿಗೆ ಬೇರೆಯೇ ಥರ ಕಾಣುತ್ತೆ. ಅರಸೀಕೆರೆ ಕಡೆ ಬಯಲು ಸೀಮೆ. ತೆಂಗು, ರಾಗಿ, ಬಿಸಿಲು. ಬೇಲೂರು ಹತ್ತಿರ ಆಗ್ತಾ ಗಾಳಿ ಬದಲಾಗುತ್ತೆ, ಮಲೆನಾಡಿನ ಸೆರಗು ಕೈಗೆ ಸಿಗುತ್ತೆ. ಕಾರಿನ ಗಾಜು ಏರಿಸಿ ಕೂತವನಿಗೆ ಇದು ಗೊತ್ತೇ ಆಗಲ್ಲ. ಓಡುವವನ ಚರ್ಮಕ್ಕೆ ಗೊತ್ತಾಗುತ್ತೆ. ಇನ್ನು ನಾಯಿಗಳು. ನಮ್ಮ ಹಳ್ಳಿ ನಾಯಿಗಳು ಲಾರಿಗೆ ದಾರಿ ಬಿಡ್ತವೆ, ಚಡ್ಡಿ ಹಾಕ್ಕೊಂಡು ಓಡೋನಿಗೆ ಮಾತ್ರ ಬಿಡಲ್ಲ. ಅದೇನು ಸಿಟ್ಟೋ!

ದೇಹದ ಲೆಕ್ಕವನ್ನೂ ಸ್ವಲ್ಪ ಕೇಳಿ. ಓಡುವಾಗ ಒಂದು ಕಿಲೋಮೀಟರಿಗೆ, ಮೈತೂಕದ ಪ್ರತಿ ಕಿಲೋಗೆ, ಸುಮಾರು ಒಂದು ಕ್ಯಾಲರಿ ಖರ್ಚಾಗುತ್ತೆ. 55 ಕಿಲೋ ತೂಗುವವರು 54 ಕಿಲೋಮೀಟರ್ ಓಡಿದರೆ ಹತ್ತಿರಹತ್ತಿರ 3,000 ಕ್ಯಾಲರಿ ಬರೀ ಓಟಕ್ಕೇ ಹೋಯ್ತು. ಉಸಿರಾಡಿಕೊಂಡು ಬದುಕಿರೋಕೆ ಬೇಕಾದ್ದು ಬೇರೆ. ಅಂದ್ರೆ ಎರಡು ಆಳಿನ ಊಟ ಒಬ್ಬರು ಮಾಡಬೇಕು. ಬೆವರಿನ ಜೊತೆ ಉಪ್ಪೂ ಹೋಗುತ್ತೆ. ಅದು ಗೊತ್ತಿಲ್ಲದೆ ಬರೀ ನೀರನ್ನೇ ಗಟಗಟ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆ ಸುತ್ತಿ ಬೀಳ್ತಾರೆ, ಪ್ರಾಣಕ್ಕೂ ಅಪಾಯ. ಅದಕ್ಕೇ ಓಟಗಾರರು ದುಬಾರಿ ಪುಡಿ ಪೊಟ್ಟಣ ಇಟ್ಟುಕೊಂಡಿರ್ತಾರೆ. ನಮ್ಮ ಅಜ್ಜಿಯಂದಿರು ಇದಕ್ಕೆ ಏನು ಮಾಡ್ತಿದ್ರು? ಮಜ್ಜಿಗೆಗೆ ಉಪ್ಪು ಹಾಕಿ, ಕರಿಬೇವು ಹಿಸುಕಿ, ಅರವಟ್ಟಿಗೆಯಲ್ಲಿ ಇಡ್ತಿದ್ರು. ಪಕ್ಕದಲ್ಲಿ ಬೆಲ್ಲದ ಪಾನಕ. ಉಪ್ಪು, ನೀರು, ಸಕ್ಕರೆ. ಪೊಟ್ಟಣದ ಮೇಲೆ ಇಂಗ್ಲಿಷಲ್ಲಿ ಬರೆದಿರೋದೂ ಅದೇ ತಾನೆ? ಅರಸೀಕೆರೆ ಸೀಮೆಯಲ್ಲಂತೂ ಎಳನೀರಿಗೆ ಬರವಿಲ್ಲ. ಎಳನೀರಲ್ಲಿ ಪೊಟ್ಯಾಶಿಯಂ ಬೇಕಾದಷ್ಟಿದೆ, ಉಪ್ಪು ಮಾತ್ರ ಕಮ್ಮಿ. ಒಂದು ಚಿಟಿಕೆ ಹಾಕಿ ಕೊಟ್ಟರೆ ಓಡುವವನು ನಿಮ್ಮನ್ನು ಜನ್ಮದಲ್ಲಿ ಮರೆಯಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಇನ್ನು ಕೆಲವೇ ದಿನಕ್ಕೆ ಶಿವರಾತ್ರಿ. ಇದೇ ಹೆದ್ದಾರಿ ಬೇಲೂರು ದಾಟಿ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗುತ್ತೆ. ಉಜಿರೆ ಅಂದ್ರೆ ಧರ್ಮಸ್ಥಳದ ಬಾಗಿಲು. ಶಿವರಾತ್ರಿಗೆ ಮುಂಚೆ ಬೆಂಗಳೂರು, ತುಮಕೂರು, ಹಾಸನ, ಚಿಕ್ಕಮಗಳೂರು ಕಡೆಯಿಂದ ಸಾವಿರಾರು ಜನ ಮಂಜುನಾಥನ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಹೋಗ್ತಾರೆ. ಆ ದಿನಗಳಲ್ಲಿ ಈ ದಾರಿಗಳನ್ನು ನೋಡಬೇಕು ನೀವು. ರಸ್ತೆ ಪಕ್ಕ ಶಾಮಿಯಾನ. ಕಲ್ಲಂಗಡಿ ಹೋಳು, ಮಜ್ಜಿಗೆ, ಚಿತ್ರಾನ್ನ, ಮೊಸರನ್ನ. ಕಾಲಿಗೆ ಬೊಬ್ಬೆ ಎದ್ದವರಿಗೆ ಮುಲಾಮು. ಎಲ್ಲೋ ಒಬ್ಬ ಹುಡುಗ ತನಗಿಂತ ಮೂರು ಪಟ್ಟು ವಯಸ್ಸಿನ ಅಪರಿಚಿತನ ಪಾದ ತೊಡೆ ಮೇಲಿಟ್ಟುಕೊಂಡು ಎಣ್ಣೆ ಹಚ್ಚುತ್ತಿರುತ್ತಾನೆ. ದುಡ್ಡು ಕೇಳಲ್ಲ. ಹೆಸರು ಕೇಳಲ್ಲ. ಜಾತಿ? ಆ ಸರದಿಯಲ್ಲಿ ಅದನ್ನು ಕೇಳೋಕೆ ಪುರುಸೊತ್ತು ಎಲ್ಲಿದೆ? ಕೊಟ್ಟವನು 'ನಮಗೂ ಸ್ವಲ್ಪ ಬೇಡ್ಕೊಳಿ ಸ್ವಾಮಿ' ಅಂತಾನೆ, ಅಷ್ಟೇ.

ಇದು ನಿನ್ನೆ ಮೊನ್ನೆ ಬಂದದ್ದಲ್ಲ. ಹಳೇಬೀಡು, ಆಗಿನ ದೋರಸಮುದ್ರ, ಹೊಯ್ಸಳರ ರಾಜಧಾನಿ ತಾನೆ. ಅಲ್ಲಿ ಮೂರನೇ ನರಸಿಂಹ ಆಳುತ್ತಿದ್ದ ಕಾಲ. ಕಾಶಿಯಲ್ಲಿ ಆಗ ಯಾತ್ರಿಕರ ಮೇಲೆ ಅಲ್ಲಿನ ಸುಲ್ತಾನರ ಆಡಳಿತದ ತೆರಿಗೆ ಇತ್ತು. 1279ರ ಒಂದು ಶಾಸನ ಏನು ಹೇಳುತ್ತೆ ಗೊತ್ತಾ? ಈ ರಾಜ ಹೆಬ್ಬಾಲೆ ಅನ್ನುವ ಊರಿನ ಹುಟ್ಟುವಳಿಯನ್ನು, ವರ್ಷಕ್ಕೆ 645 ನಿಷ್ಕ, ಆ ತೆರಿಗೆ ಕಟ್ಟೋದಕ್ಕೆ ಅಂತ ಬಿಟ್ಟುಕೊಟ್ಟ. ಯಾರ ಪರವಾಗಿ? ಕನ್ನಡದವರ ಪರವಾಗಿ ಅಂದಿದ್ದರೆ ಆಶ್ಚರ್ಯ ಇರಲಿಲ್ಲ. ತೆಲುಗರು, ತುಳುವರು, ಅತ್ತ ತಿರ್ಹುತ್, ಗೌಡ ದೇಶದವರು, ಅಂದ್ರೆ ಈಗಿನ ಬಿಹಾರ, ಬಂಗಾಳದ ಕಡೆಯವರು, ಅವರದ್ದೂ ಸೇರಿಸಿ. ಬಂಗಾಳದ ಯಾತ್ರಿಕ ಈ ರಾಜನಿಗೆ ಏನಾಗಬೇಕು? ಕಂದಾಯ ಕಟ್ಟಿದವನಲ್ಲ, ಯುದ್ಧಕ್ಕೆ ಬಂದವನಲ್ಲ. ದಾರಿಹೋಕ. ಹಳೇಬೀಡಿಗೆ ಹೋದರೆ ನಾವು ಕಲ್ಲಿನ ಆನೆ ಎಣಿಸ್ತೀವಿ, ಸೆಲ್ಫಿ ತಗೋತೀವಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದಾಗ ನಾವೆಲ್ಲ ಶಿಲ್ಪಕಲೆ ಬಗ್ಗೆ ಗಂಟೆಗಟ್ಟಲೆ ಮಾತಾಡಿದೆವು. ನನ್ನ ಕೇಳಿದರೆ ಆ 645 ನಿಷ್ಕದ ಶಾಸನದ ಒಂದು ಪ್ರತಿಯನ್ನು ಆ ದೇವಸ್ಥಾನದ ಗೇಟಲ್ಲಿ ದೊಡ್ಡದಾಗಿ ಹಾಕಬೇಕು.

ಸರಿ. ಇಷ್ಟು ಹೇಳಿ ನಿಲ್ಲಿಸಿದರೆ ನೀವು ಖುಷಿಯಾಗಿ ಊಟಕ್ಕೆ ಏಳ್ತೀರಿ. ಆದರೆ ಒಂದು ಮುಳ್ಳು ಉಳಿದಿದೆ.

ಧರ್ಮಸ್ಥಳಕ್ಕೆ ಹೋಗುವವನ ಗುರುತು ನಮಗಿದೆ. ಹೆಗಲಲ್ಲಿ ಚೀಲ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಮಂಜುನಾಥ. ಅವನು ಎಲ್ಲಿಗೆ ಹೋಗ್ತಾನೆ, ಯಾಕೆ ಹೋಗ್ತಾನೆ ಅಂತ ಕೇಳಬೇಕಾಗಿಲ್ಲ. ಅವನಿಗೆ ಕೊಟ್ಟರೆ ಪುಣ್ಯದಲ್ಲಿ ಪಾಲೂ ಬರುತ್ತೆ. ಆದರೆ ಅದೇ ರಸ್ತೆಯಲ್ಲಿ, ಶಿವರಾತ್ರಿ ಅಲ್ಲದ ಒಂದು ಮಧ್ಯಾಹ್ನ, ಗುರುತು ಪರಿಚಯ ಇಲ್ಲದವನೊಬ್ಬ ಬೆವರು ಸುರಿಸಿಕೊಂಡು ಓಡಿ ಬರ್ತಾನೆ. ಭಾಷೆ ಬೇರೆ. ಕಿವಿಗೆ ಏನೋ ವೈರು. ನಿಮ್ಮ ಮಗು ಜಗಲಿ ಮೇಲೆ ಆಡ್ತಾ ಇದೆ. ಅವನು ಮಗುವನ್ನು ನೋಡಿ ನಗ್ತಾನೆ. ಆಗ?

2018ರ ಜುಲೈ 13. ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರ ಗುಂಪು. ಅವರಲ್ಲೊಬ್ಬ ಕತಾರ್‌ನಿಂದ ಬಂದಿದ್ದವನು, ದಾರಿಯಲ್ಲಿ ಕಂಡ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟ. ಅಷ್ಟೇ ಮಾಡಿದ್ದು. ಮಕ್ಕಳ ಕಳ್ಳರು ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಿತು ಸುದ್ದಿ. ಕಾರಿಗಿಂತ ವೇಗವಾಗಿ ಓಡಿತು. ಮುರ್ಕಿಯಲ್ಲಿ ರಸ್ತೆಗೆ ಅಡ್ಡ ಹಾಕಿ ಕಾದಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಅಲ್ಲೇ ಸತ್ತ. ಬಿಡಿಸೋಕೆ ಹೋದ ಪೊಲೀಸರಿಗೂ ಗಾಯ ಆಯ್ತು. ಉಳಿದವರು ಬದುಕಿದ್ದು ಆ ಪೊಲೀಸರಿಂದ. ಅದಕ್ಕೂ ಮುಂಚೆ, ಅದೇ ವರ್ಷ ಮೇ ತಿಂಗಳಲ್ಲಿ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಇದೇ ಗುಮಾನಿಯಲ್ಲಿ ಹೊಡೆದು ಕೊಂದರು.

ಹಾಗಂತ ಮುರ್ಕಿಯವರು ಕೆಟ್ಟವರು, ಅರಸೀಕೆರೆಯವರು ಒಳ್ಳೆಯವರು ಅಂತ ನಾನು ಹೇಳ್ತಾ ಇಲ್ಲ. ದಯವಿಟ್ಟು ಹಾಗೆ ತಿಳ್ಕೋಬೇಡಿ. ಮುರ್ಕಿಯಲ್ಲೂ ಜಾತ್ರೆಗೆ ಬಂದವನಿಗೆ ರೊಟ್ಟಿ ಹಾಕಿಯೇ ಕಳಿಸ್ತಾರೆ. ಮನುಷ್ಯರು ಅವರೇ. ಬದಲಾಗಿದ್ದು ಏನು ಅಂದ್ರೆ, ಎದುರಿಗೆ ನಿಂತಿರುವವನ ಮುಖಕ್ಕಿಂತ ಮೊದಲು ಅವನ ಬಗ್ಗೆ ಒಂದು ಮೆಸೇಜು ಬಂದು ಕೂತಿತ್ತು. ಮೆಸೇಜು ಬಂದಮೇಲೆ ಮುಖ ಕಾಣಲ್ಲ.

ಇದಕ್ಕೆ ಎದುರಾಗಿ ನಮ್ಮ ಬೆಂಗಳೂರಿನಿಂದಲೇ ಹುಟ್ಟಿದ ಇನ್ನೊಂದು ಕತೆ ಹೇಳ್ತೀನಿ. ಓಟದ್ದಲ್ಲ, ನಡಿಗೆಯದ್ದು. 1961ರಲ್ಲಿ ಬ್ರಿಟನ್ನಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರು ಅಣುಬಾಂಬ್ ವಿರೋಧಿಸಿ ಜೈಲಿಗೆ ಹೋದರು. ವಯಸ್ಸು 89. ಈ ಸುದ್ದಿಯನ್ನು ಬೆಂಗಳೂರಿನ ಒಂದು ಕಾಫಿ ಹೋಟೆಲಲ್ಲಿ ಪೇಪರಿನಲ್ಲಿ ಓದಿದ ಇಬ್ಬರು ಹುಡುಗರು, ಸತೀಶ್ ಕುಮಾರ್ ಮತ್ತು ಇ. ಪಿ. ಮೆನನ್. ಆ ಮುದುಕರು ಜೈಲಿಗೆ ಹೋಗಿದ್ದಾರೆ, ನಾವು ಇಲ್ಲಿ ಕಾಫಿ ಕುಡೀತಾ ಕೂತಿದ್ದೀವಿ ಅನ್ನಿಸಿತು ಅವರಿಗೆ. ಅಣುಬಾಂಬ್ ಇರುವ ನಾಲ್ಕು ದೇಶಗಳ ರಾಜಧಾನಿಗೆ, ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್ನಿಗೆ, ನಡೆದು ಹೋಗೋಣ ಅಂತ ತೀರ್ಮಾನ. ಇಬ್ಬರೂ ವಿನೋಬಾ ಭಾವೆಯವರ ಶಿಷ್ಯರು. ಆಶೀರ್ವಾದ ಕೇಳೋಕೆ ಹೋದರೆ ವಿನೋಬಾ ಏನಂದ್ರು? ಹೋಗಿ, ಆದರೆ ಜೇಬಿನಲ್ಲಿ ಒಂದು ಪೈಸೆಯೂ ಇರಬಾರದು. ದುಡ್ಡಿದ್ದರೆ ಹೋಟೆಲಿಗೆ ಹೋಗ್ತೀರಿ, ಮನೆ ಬಾಗಿಲು ತಟ್ಟಲ್ಲ ಅನ್ನೋದು ಅದರ ತಾತ್ಪರ್ಯ.

1962ರಲ್ಲಿ ದೆಹಲಿಯ ರಾಜಘಾಟ್‌ನಿಂದ ಹೊರಟರು. ಪಾಕಿಸ್ತಾನದ ಗಡಿಯಲ್ಲಿ ಪರಿಚಯದವರೊಬ್ಬರು ಊಟದ ಪೊಟ್ಟಣ ಕೊಡೋಕೆ ಬಂದರು. ಆ ಕಡೆ ಶತ್ರು ದೇಶ, ಯಾರು ಅನ್ನ ಹಾಕ್ತಾರೆ ನಿಮಗೆ, ಇಟ್ಕೊಳ್ಳಿ ಅಂತ. ಸತೀಶ್ ಕುಮಾರ್ ತಗೊಳ್ಳಲಿಲ್ಲ. ಇದು ಊಟದ ಪೊಟ್ಟಣ ಅಲ್ಲ, ಅಪನಂಬಿಕೆಯ ಪೊಟ್ಟಣ ಅನ್ನೋ ಅರ್ಥದ ಮಾತು ಹೇಳಿದರು. ಗಡಿ ದಾಟಿದರೆ ಆಚೆ ಒಬ್ಬ ಪಾಕಿಸ್ತಾನಿ ಇವರಿಗೋಸ್ಕರ ಕಾಯ್ತಾ ನಿಂತಿದ್ದ. ಲಾಹೋರಿನ ತನ್ನ ಮನೆಗೆ ಕರೆದು ಸತ್ಕಾರ ಮಾಡಿದ. ಮುಂದೆ ಅಫ್ಘಾನಿಸ್ತಾನ, ಇರಾನ್, ಆಗಿನ ಸೋವಿಯತ್ ದೇಶ. ಕಪ್ಪು ಸಮುದ್ರದ ಸೀಮೆಯಲ್ಲಿ ಒಂದು ಟೀ ಕಾರ್ಖಾನೆಯ ಹೆಂಗಸರು ಇವರಿಗೆ ಟೀ ಕೊಟ್ಟರು. ಕತೆ ಕೇಳಿದರು. ಒಬ್ಬಾಕೆ ಎದ್ದು ಹೋಗಿ ನಾಲ್ಕು ಟೀ ಪೊಟ್ಟಣ ತಂದಳು. ನಾಲ್ಕು ದೇಶದ ನಾಯಕರಿಗೆ ಒಂದೊಂದು ಕೊಡಿ, ಬಾಂಬಿನ ಗುಂಡಿ ಒತ್ತಬೇಕು ಅನ್ನಿಸಿದಾಗ ಒಂದು ನಿಮಿಷ ತಡೆದು ಈ ಟೀ ಕುಡೀರಿ ಅಂತ ಹೇಳಿ ಅಂದಳು. ಆ ಪೊಟ್ಟಣಗಳು ನಾಲ್ಕೂ ರಾಜಧಾನಿ ಮುಟ್ಟಿದವು. ನಡುವೆ ಹಡಗು ಬಿಟ್ಟರೆ ಉಳಿದದ್ದೆಲ್ಲ ಕಾಲ್ನಡಿಗೆ, ಸುಮಾರು 13,000 ಕಿಲೋಮೀಟರ್. ಹಣ ಇಲ್ಲದೆ. ಯೋಚನೆ ಮಾಡಿ, ಎಷ್ಟು ನೂರು ಮನೆಯ ಊಟ ಇರಬೇಕು ಅದು! ಆ ಯಾವ ಮನೆಯವರ ಹೆಸರೂ ನಮಗೆ ಗೊತ್ತಿಲ್ಲ.

ಮತ್ತೆ ಓಟಕ್ಕೆ ಬರೋಣ. ಕೆನಡಾದ ಟೆರಿ ಫಾಕ್ಸ್ ಹೆಸರು ಕೇಳಿರ್ತೀರಿ. ಕ್ಯಾನ್ಸರಿನಿಂದ ಬಲಗಾಲು ಕಳಕೊಂಡ ಹುಡುಗ. ಕೃತಕ ಕಾಲು ಕಟ್ಟಿಕೊಂಡು 1980ರ ಏಪ್ರಿಲ್ 12ರಂದು ದೇಶದ ಪೂರ್ವ ತುದಿಯಿಂದ ಓಡೋಕೆ ಶುರು ಮಾಡಿದ. ಕ್ಯಾನ್ಸರ್ ಸಂಶೋಧನೆಗೆ ಪ್ರತಿ ಕೆನಡಿಯನ್ ಒಂದು ಡಾಲರ್ ಕೊಡಲಿ ಅನ್ನೋದು ಆಸೆ. ಈಗ ಅವನು ಮಹಾಪುರುಷ, ಪ್ರತಿಮೆಗಳಿವೆ. ಆದರೆ ಮೊದಲ ವಾರಗಳಲ್ಲಿ? ಎಷ್ಟೋ ಕಡೆ ತಿರುಗಿ ನೋಡುವವರಿರಲಿಲ್ಲ. ಕ್ವಿಬೆಕ್‌ನಲ್ಲಿ ಗಾಡಿಯವರು ಅವನನ್ನು ರಸ್ತೆಯಿಂದಲೇ ಕೆಳಗಿಳಿಸುತ್ತಿದ್ದರು. ಅದಕ್ಕೂ ಮುಂಚೆ ಅವನಿಗೆ ಜೀವ ಬಂದದ್ದು ಪೋರ್ಟ್ ಓ ಬಾಸ್ಕ್ ಅನ್ನೋ ಪುಟ್ಟ ಊರಿನಿಂದ. ಹತ್ತು ಸಾವಿರ ಜನಸಂಖ್ಯೆ. ಅವನು ಬರುವ ಹೊತ್ತಿಗೆ ಹತ್ತು ಸಾವಿರ ಡಾಲರ್ ಕೂಡಿಸಿ ಇಟ್ಟಿದ್ದರು. ತಲೆಗೆ ಒಂದು. ಟಿವಿ ಅವನನ್ನು ಹೀರೋ ಮಾಡುವ ಮುಂಚೆ, ಪ್ರಧಾನಿ ಕೈ ಕುಲುಕುವ ಮುಂಚೆ ಕೊಟ್ಟ ದುಡ್ಡು ಅದು. 143 ದಿನ, 5,373 ಕಿಲೋಮೀಟರ್ ಆದಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಬಂದಿದೆ ಅಂತ ಗೊತ್ತಾಯ್ತು. ಓಟ ನಿಂತಿತು. ಮರುವರ್ಷ ಜೂನ್ 28ಕ್ಕೆ ತೀರಿಕೊಂಡ. 22 ವರ್ಷ. ಅಷ್ಟು ಹೊತ್ತಿಗೆ ಕೆನಡಾದ ಜನಸಂಖ್ಯೆಯಷ್ಟೇ ಡಾಲರ್ ಸೇರಿತ್ತು.

ನಮ್ಮ ಹೆದ್ದಾರಿ 73ಕ್ಕೆ ವಾಪಸ್ ಬರೋಣ. ಈ ರಸ್ತೆಯ ನಡುವೆ ಜಾವಗಲ್ ಇದೆ. ಕ್ರಿಕೆಟ್ ನೋಡುವವರಿಗೆ ಆ ಹೆಸರು ಬೇರೆ ಕಾರಣಕ್ಕೆ ಗೊತ್ತು. ಅಲ್ಲಿ ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನವಿದೆ, ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ದರ್ಗಾ ಕೂಡ ಇದೆ. ಹೊರಗಿನಿಂದ ಬಂದವರಿಗೆ ದಾರಿ ತೋರಿಸಿ ಅಭ್ಯಾಸ ಇರುವ ಊರು. ಬೇಲೂರು, ಹಳೇಬೀಡಿನವರಿಗಂತೂ ಪರದೇಶದವರ ಮುಖ ಹೊಸದೇ ಅಲ್ಲ. ಆದರೆ ಟಿಕೆಟ್ ತಗೊಂಡು ಬಂದವನಿಗೆ ನಾವು ಮಾಡೋದು ವ್ಯಾಪಾರ. ಅದೂ ಇರಲಿ, ಹೊಟ್ಟೆಪಾಡು. ನಾನು ಕೇಳ್ತಾ ಇರೋದು ಟಿಕೆಟ್ ಇಲ್ಲದೆ ಬರುವವನ ಬಗ್ಗೆ.

ಅದರಲ್ಲೂ ಹೆಣ್ಣುಮಗಳೊಬ್ಬಳು ಓಡಿ ಬಂದರೆ ಅವಳಿಗೆ ಮೊದಲು ಬೇಕಾಗಿರೋದು ಹಾರ ಅಲ್ಲ, ಚಿಲಕ ಇರುವ ಒಂದು ಶೌಚಾಲಯ. ನಮ್ಮ ಹೆದ್ದಾರಿಗಳಲ್ಲಿ ಇದು ಎಷ್ಟು ಕಷ್ಟ ಅಂತ ಪಾದಯಾತ್ರೆಗೆ ಹೋಗಿ ಬಂದ ಯಾವ ಹೆಂಗಸನ್ನಾದರೂ ಕೇಳಿ. ಗಂಡಸರಿಗೆ ರಸ್ತೆ ಪಕ್ಕ ಮರ ಇದೆ, ಮಾತು ಮುಗೀತು. ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿಯದೆ ನಡೀತಾರೆ. ಆ ಬಿಸಿಲಲ್ಲಿ ನೀರು ಕುಡಿಯದೆ! ಮನೆ ಮುಂದೆ ನಿಂತ ಅಪರಿಚಿತ ಹೆಂಗಸಿಗೆ ಒಳಗೆ ಬಾರಮ್ಮ ಅನ್ನುವುದು ಯಾವ ಶಾಮಿಯಾನಕ್ಕಿಂತಲೂ ದೊಡ್ಡ ದಾಸೋಹ. ಅದಕ್ಕೆ ಕಮಿಟಿ ಬೇಡ, ಬ್ಯಾನರ್ ಬೇಡ, ಶಾಸಕರ ಫೋಟೋ ಬೇಡ.

ಭಯ ಇರಬಾರದಾ ಅಂತ ನೀವು ಕೇಳಬಹುದು. ಇರಲಿ. ಗುರುತಿಲ್ಲದವರಿಗೆಲ್ಲ ಬೀಗದ ಕೈ ಕೊಡಿ ಅಂತ ಯಾರೂ ಹೇಳ್ತಿಲ್ಲ. ಅನುಮಾನ ಬಂದರೆ 112ಕ್ಕೆ ಫೋನ್ ಮಾಡಿ, ಪೊಲೀಸರು ಬಂದು ವಿಚಾರಿಸಲಿ. ಗ್ರೂಪಿಗೆ ಫೋಟೋ ಹಾಕಬೇಡಿ. ಪೊಲೀಸರು ಬರುವವರೆಗೆ ಅವನನ್ನು ಕಟ್ಟೆ ಮೇಲೆ ಕೂರಿಸಿ, ಒಂದು ಚೊಂಬು ನೀರು ಕೊಡಿ. ಕಳ್ಳನಾದರೂ ನೀರು ಕುಡೀಲಿ, ಏನು ಗಂಟು ಹೋಗುತ್ತೆ?

ಶಿವರಾತ್ರಿಯ ಮಾರನೇ ದಿನ ಈ ರಸ್ತೆಯ ಶಾಮಿಯಾನಗಳೆಲ್ಲ ಬಿಚ್ತಾರೆ. ಹಂಡೆ ತೊಳೆದು ಸಮುದಾಯ ಭವನಕ್ಕೆ ಸೇರಿಸ್ತಾರೆ. ಬಿಸಿಲು ಏರೋದು ಅಲ್ಲಿಂದಾಚೆಗೆ. ಈ ಸಲ ಬಾಣಾವರದಲ್ಲೋ ಜಾವಗಲ್‌ನಲ್ಲೋ ನಿಮ್ಮ ಶಾಮಿಯಾನ ಬಿಚ್ಚುವಾಗ ಒಂದು ಮಡಕೆ, ಒಂದು ಲೋಟ ಮಾತ್ರ ಅಲ್ಲೇ ಬಿಡಿ. ಮೇಲೆ ಒಂದು ತಟ್ಟೆ ಮುಚ್ಚಿ. ನೀರು ತುಂಬೋ ಪಾಳಿ ಯಾರದ್ದು ಅಂತ ಮೂರು ಮನೆ ಮಾತಾಡಿಕೊಳ್ಳಿ, ಯುಗಾದಿ ಕಳೆದು ಮಳೆ ಬೀಳೋವರೆಗೆ.

ಈಗ ಒಂದು ಚಿಕ್ಕ ವಿರಾಮ. ಆಮೇಲೆ ಜಿಲ್ಲಾ ಸುದ್ದಿ.